ನಡೆಯಬಲ್ಲವರಿಗೆ ಗಾಲಿಬಂಡಿ ಏತಕ್ಕೆ?

ಶರೀರಬಲದ ವಿಷಯದಲ್ಲಿ ಲೋಕವು ಸಾಮಾನ್ಯವಾಗಿ ಎರಡೇ ವರ್ಗಗಳನ್ನು ಬಲ್ಲದು: ನಡೆಯಬಲ್ಲವರು, ನಡೆಯಲಾರದವರು. ಮೊದಲನೆಯವರಿಗೆ ಯಾವ ಸಹಾಯವೂ ಬೇಡವೆಂದೂ ಎರಡನೆಯವರು ಸದಾ ಪರಾಧೀನರೆಂದೂ ಅದು ತೀರ್ಮಾನ ಮಾಡಿಕೊಂಡಿದೆ. ಇವೆರಡರ ನಡುವೆ ಮೂರನೆಯ ವರ್ಗವೊಂದು ಉಂಟು. ಅದಕ್ಕೆ ಸೇರಿದವರು ಮನೆಯೊಳಗೆ ನಡೆಯುತ್ತಾರೆ, ಬೀದಿಯಲ್ಲಿ ತಡವರಿಸುತ್ತಾರೆ; ಬೆಳಿಗ್ಗೆ ನೆಟ್ಟಗೆ ನಿಲ್ಲುತ್ತಾರೆ, ಮಧ್ಯಾಹ್ನಕ್ಕೆ ಕುಸಿಯುತ್ತಾರೆ; ಇಪ್ಪತ್ತು ಮಾರು ದೂರ ಯಾರ ಕೈಯನ್ನೂ ಹಿಡಿಯದೆ ಹೋಗುತ್ತಾರೆ, ಇಪ್ಪತ್ತೊಂದನೆಯ ಮಾರಿಗೆ ಕಾಲು ಅವರ ಮಾತನ್ನು ಕೇಳುವುದಿಲ್ಲ. ಇಂಥವರು ರಜೆಯ ದಿನಗಳಲ್ಲಿ ವಿದ್ಯುತ್ತಿನಿಂದ ಓಡುವ ಚಿಕ್ಕ ಗಾಲಿಬಂಡಿಯ ಮೇಲೆ ಕುಳಿತು ಕ್ಷೇತ್ರದರ್ಶನಕ್ಕೋ ಜಲಪಾತವನ್ನು ನೋಡುವುದಕ್ಕೋ ಹೊರಟರೆಂದರೆ, ನೋಡಿದವರು ಮೊದಲು ಮರುಗುತ್ತಾರೆ. ಬಂಡಿಯಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆಂದರೆ ಆ ಮರುಕವೆಲ್ಲ ಆ ಕ್ಷಣವೇ ಮಾಯವಾಗುತ್ತದೆ. "ಇವರಿಗೇನಾಗಿದೆ? ಚೆನ್ನಾಗಿಯೇ ನಡೆಯುತ್ತಾರಲ್ಲ!" ಎಂಬ ಮಾತು ಹುಟ್ಟುತ್ತದೆ. ಹೀಗೆ ಆಡುವವರು ದುರ್ಜನರಲ್ಲ. ಅನೇಕ ವೇಳೆ ವಿದ್ಯಾವಂತರು, ಕೆಲವು ವೇಳೆ ಮನೆಯವರೇ. ಆದುದರಿಂದಲೇ ಈ ಮಾತಿನ ಬುಡವನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಅವಶ್ಯಕವಾಗಿದೆ.

ಮೊದಲು ವೈದ್ಯಶಾಸ್ತ್ರವು ಹೇಳುವುದನ್ನು ಕೇಳಬೇಕು. ಮಯಸ್ತೀನಿಯಾ ಗ್ರೇವಿಸ್ ಎಂಬ ರೋಗದಲ್ಲಿ ಸ್ನಾಯುವು ದುಡಿದಷ್ಟೂ ಸೋಲುತ್ತದೆ, ವಿಶ್ರಾಂತಿ ದೊರೆತರೆ ಮತ್ತೆ ಚೇತರಿಸಿಕೊಳ್ಳುತ್ತದೆ. ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗದಲ್ಲಿ ದೇಹದ ಉಷ್ಣ ಸ್ವಲ್ಪ ಏರಿದರೂ ಕಣ್ಣು ಮಸುಕಾಗುವುದು, ಕಾಲಿನ ಬಲ ಕುಗ್ಗುವುದು ಮೊದಲಾದ ತೊಂದರೆಗಳು ತೋರುತ್ತವೆ. ಇದನ್ನು ಜರ್ಮನಿಯ ವೈದ್ಯ ಊಟ್‌ಹೋಫ್ 1890ರಲ್ಲಿಯೇ ಬರೆದಿಟ್ಟಿದ್ದಾನೆ. ಕೀಲುವಾತದವರಿಗೆ ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಂಡಿರುತ್ತವೆ. ಪಾರ್ಕಿನ್ಸನ್ ರೋಗಿಯು ಔಷಧದ ಬಲವಿರುವ ತನಕ ಓಡಾಡಿ, ಅದು ಇಳಿದೊಡನೆ ನೆಟ್ಟ ಕಂಬದಂತೆ ನಿಂತುಬಿಡಬಹುದು. ಕಾಲಿನ ರಕ್ತನಾಳಗಳು ಕಿರಿದಾದವರಿಗೆ ಒಂದಿಷ್ಟು ದೂರ ನಡೆದೊಡನೆ ಮೀನಖಂಡದಲ್ಲಿ ನೋವು ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತದೆ. ಭಾರತವು ಪೋಲಿಯೋಮುಕ್ತವೆಂದು 2014ರಲ್ಲಿ ಘೋಷಿತವಾದುದು ಸಂತೋಷದ ಸಂಗತಿಯೇ. ಆದರೆ ಬಾಲ್ಯದಲ್ಲಿ ಆ ರೋಗವನ್ನು ಗೆದ್ದವರಲ್ಲಿ ಅನೇಕರಿಗೆ ದಶಕಗಳ ಮೇಲೆ ಹೊಸದಾಗಿ ಸ್ನಾಯುದೌರ್ಬಲ್ಯ ತೋರುವುದುಂಟು. ಇವರಲ್ಲಿ ಒಬ್ಬರೂ ಸದಾಕಾಲ ನಡೆಯಲಾರದವರಲ್ಲ; ಒಬ್ಬರೂ ಸದಾಕಾಲ ನಡೆಯಬಲ್ಲವರೂ ಅಲ್ಲ. ದಿನದ ಯಾವುದೋ ಒಂದು ಗಳಿಗೆಯಲ್ಲಿ ಅವರನ್ನು ನೋಡಿ ತೀರ್ಪು ಹೇಳುವವನು, ಸಂಜೆಯ ವೇಳೆ ಅಂಗಳಕ್ಕೆ ಬಂದು ಮಧ್ಯಾಹ್ನ ಬಿಸಿಲೇ ಇರಲಿಲ್ಲವೆಂದು ಸಾಧಿಸುವವನಿಗೆ ಸಮಾನನು.

ಓದುವಾಗ ಮಾತ್ರ ಕನ್ನಡಕವನ್ನು ಧರಿಸಿ, ಓದು ಮುಗಿದೊಡನೆ ಮಡಿಸಿ ಜೇಬಿನಲ್ಲಿಡುವವನನ್ನು ಕಪಟಿ ಎಂದು ಯಾರೂ ಕರೆಯರು. ಬಿಸಿಲಿಗೆ ಕೊಡೆ ಹಿಡಿದವನು ನೆರಳಿಗೆ ಬಂದು ಅದನ್ನು ಮಡಿಸಿದರೆ, "ಕೊಡೆಯಿಲ್ಲದೆಯೂ ಇರಬಲ್ಲೆಯಲ್ಲ, ಇಷ್ಟು ಹೊತ್ತು ಏಕೆ ಹಿಡಿದಿದ್ದೆ?" ಎಂದು ಕೇಳುವವರಿಲ್ಲ. ಕಣ್ಣಿಗೆ ಸಲ್ಲುವ ನ್ಯಾಯವು ಕಾಲಿಗೆ ಏಕೆ ಸಲ್ಲಬಾರದು? ಸಾಧನವೆಂಬುದು ಬೇಕಾದ ಹೊತ್ತಿಗೆ ಬೇಕಾದಷ್ಟು ಬಳಸುವುದಕ್ಕಾಗಿ ಇರುವ ವಸ್ತು. ಸಾಯುವ ತನಕ ಬಿಡದೆ ಬಳಸುತ್ತೇನೆಂದು ಪ್ರಮಾಣ ಮಾಡಿದವರಿಗೆ ಮಾತ್ರ ಅದು ದೊರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಈ ಬಂಡಿಯ ಹುಟ್ಟಿನ ಕಥೆಯೂ ಇದನ್ನೇ ಹೇಳುತ್ತದೆ. ಮೊಬಿಲಿಟಿ ಸ್ಕೂಟರ್ ಎಂದು ಈಗ ಹೆಸರಾಗಿರುವುದನ್ನು ಮೊದಲು ಮಾಡಿದವನು ಅಮೆರಿಕದ ಮಿಷಿಗನ್ ಪ್ರಾಂತದ ಆಲನ್ ಥೀಮ್. ವೃತ್ತಿಯಿಂದ ನಲ್ಲಿಕೊಳಾಯಿಗಳ ಕೆಲಸಗಾರನಾಗಿದ್ದ ಆತ ತನ್ನ ಕುಟುಂಬದಲ್ಲಿ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗಕ್ಕೆ ಗುರಿಯಾದವರೊಬ್ಬರಿಗಾಗಿ 1968ರಲ್ಲಿ ಇದನ್ನು ಕಟ್ಟಿದನು. ಏರಿಳಿತಗಳುಳ್ಳ ರೋಗಕ್ಕಾಗಿಯೇ ಈ ವಾಹನ ಹುಟ್ಟಿತೆಂಬುದು ಗಮನಾರ್ಹವಾದ ಸಂಗತಿ. ಹಾಗಿರುವಲ್ಲಿ, ಕೆಲವು ಹೆಜ್ಜೆ ನಡೆಯಬಲ್ಲವರು ಅದರ ಮೇಲೆ ಕುಳಿತರೆ ಮೋಸವೆಂದು ಹೇಳುವುದು, ಯಾರಿಗಾಗಿ ಅನ್ನ ಬೆಂದಿತೋ ಅವರನ್ನೇ ಪಂಕ್ತಿಯಿಂದ ಎಬ್ಬಿಸಿದಂತಾಯಿತು. ಈ ದೇಶದಲ್ಲಿಯೂ ಇಂಥ ಯತ್ನಗಳು ನಡೆದಿವೆ. ಗಾಲಿಕುರ್ಚಿಯ ಮುಂದಕ್ಕೆ ಜೋಡಿಸಿಕೊಂಡು ಓಡಿಸಬಹುದಾದ ನಿಯೋಬೋಲ್ಟ್ ಎಂಬ ವಿದ್ಯುತ್ ಯಂತ್ರವು ಮದರಾಸಿನ ಐಐಟಿಯ ಆಶ್ರಯದಲ್ಲಿ ರೂಪುಗೊಂಡು 2020ರಲ್ಲಿ ಹೊರಬಂದಿತು. ಪಕ್ಕದಲ್ಲಿ ಎರಡು ಗಾಲಿಗಳನ್ನು ಹೆಚ್ಚಾಗಿ ಕೂಡಿಸಿದ ಸ್ಕೂಟರುಗಳನ್ನು ಕರ್ನಾಟಕದ ಯಾವ ಊರಿನ ರಸ್ತೆಯಲ್ಲಿಯೂ ಕಾಣಬಹುದು. ಯಂತ್ರಕ್ಕೆ ಕೊರತೆಯಿಲ್ಲ, ಅದನ್ನು ನೋಡುವ ಕಣ್ಣಿಗೆ ಕೊರತೆಯಿದೆ.

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಒಂದೇ ಹಗಲಿನಲ್ಲಿ ನೋಡಿ ಬರಬಹುದಾದ ಸ್ಥಳಗಳು ಒಂದೆರಡಲ್ಲ. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿಗಳು ಒಂದು ಕಡೆ. ಇನ್ನೊಂದು ಕಡೆ ಮರಳಿನಲ್ಲಿ ಹುದುಗಿದ ತಲಕಾಡು. ಸೋಮನಾಥ ದಂಡನಾಯಕನು 13ನೆಯ ಶತಮಾನದಲ್ಲಿ ಕಟ್ಟಿಸಿದ, 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವಾಲಯ. ಇಂಥ ಊರಿನಲ್ಲಿ ಶಾಲೆಯ ಉಪಾಧ್ಯಾಯಿನಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಊಹಿಸಿಕೊಳ್ಳೋಣ. ಮಕ್ಕಳಿಗೆ ಹೊಯ್ಸಳರ ಚರಿತ್ರೆಯನ್ನು ಮೂವತ್ತು ವರ್ಷ ಪಾಠ ಹೇಳಿದವರು. ಈಗ ಕೀಲುವಾತ. ಅಡಿಗೆಮನೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಪಡಸಾಲೆಗೆ ತಾವೇ ಓಡಾಡುತ್ತಾರೆ. ಮಳೆಗಾಲದಲ್ಲಿ ಕಾವೇರಿ ತುಂಬಿ ಗಗನಚುಕ್ಕಿ ಧುಮ್ಮಿಕ್ಕುತ್ತಿದೆಯೆಂದು ಕೇಳಿ ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ; ಕಾರು ಬಾಗಿಲಿಗೆ ಬಂದು ನಿಲ್ಲುತ್ತದೆ. "ಅಜ್ಜಿ, ನೀವೂ ಬನ್ನಿ, ಕಾರಿನಲ್ಲೇ ಕೂತಿರಿ, ನಾವು ಬೇಗ ನೋಡಿ ಬಂದುಬಿಡುತ್ತೇವೆ" ಎಂದು ಮೊಮ್ಮಗಳು ಕರೆಯುತ್ತಾಳೆ. "ಬೇಡಮ್ಮ, ನಾನು ಎಷ್ಟು ಸಲ ನೋಡಿಲ್ಲ! ಮನೆ ಕಾಯುವುದಕ್ಕೆ ಒಬ್ಬರು ಬೇಕಲ್ಲ" ಎಂದು ಅಜ್ಜಿ ಉತ್ತರ ಕೊಡುತ್ತಾರೆ. ಈ ಉತ್ತರವನ್ನು ಮನೆಮಂದಿ ವೈರಾಗ್ಯವೆಂದು ತಿಳಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ವೈರಾಗ್ಯವಲ್ಲ. ಇತರರಿಗೆ ಭಾರವಾಗಬಾರದೆಂಬ ಸಂಕೋಚವು ವೈರಾಗ್ಯದ ಬಟ್ಟೆಯನ್ನು ಉಟ್ಟುಕೊಂಡು ಬಂದಿದೆ, ಅಷ್ಟೆ. ಎರಡು ವರ್ಷ ಹೀಗೆ ಕಳೆದರೆ ಮೂರನೆಯ ವರ್ಷ ಅವರನ್ನು ಕರೆಯುವುದೇ ನಿಂತುಹೋಗುತ್ತದೆ. ಮನೆಯ ಮಾತುಕತೆಯಲ್ಲಿ, ತೆಗೆಸಿದ ಚಿತ್ರಗಳಲ್ಲಿ, ಮುಂದೆ ಮಕ್ಕಳು ನೆನೆಯುವ ನೆನಪುಗಳಲ್ಲಿ ಅಜ್ಜಿ ಇರುವುದಿಲ್ಲ. ಇಲ್ಲಿ ನಷ್ಟವಾಗುವುದು ಒಂದು ಜಲಪಾತದ ನೋಟ ಮಾತ್ರವಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಆಕ್ಷೇಪಗಳನ್ನು ಒಂದೊಂದಾಗಿ ನೋಡಬಹುದು.

"ನಡೆದಷ್ಟೂ ಕಾಲಿಗೆ ಬಲ, ಬಂಡಿಯ ರೂಢಿ ಹಿಡಿದರೆ ಇದ್ದ ಶಕ್ತಿಯೂ ಹೋಗುತ್ತದೆ" ಎಂಬುದು ಮೊದಲನೆಯದು. ಇದು ಹಿತಚಿಂತನೆಯ ಮಾತಾದುದರಿಂದ ಇದಕ್ಕೆ ಬೆಲೆ ಹೆಚ್ಚು. ವ್ಯಾಯಾಮವು ಒಳ್ಳೆಯದೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ವೈದ್ಯನು ವಿಧಿಸುವ ವ್ಯಾಯಾಮಕ್ಕೆ ಅಳತೆಯುಂಟು, ಹೊತ್ತುಂಟು, ನಡುನಡುವೆ ವಿಶ್ರಾಂತಿಯುಂಟು. ವಾಹನ ನಿಲ್ಲಿಸುವ ಸ್ಥಳದಿಂದ ದೇವಾಲಯದ ಬಾಗಿಲಿನವರೆಗೆ ಉರಿಬಿಸಿಲಿನಲ್ಲಿ ಜನಸಂದಣಿಯ ನಡುವೆ ಎಳೆದಾಡಿಸಿಕೊಂಡು ಹೋಗುವುದು ವ್ಯಾಯಾಮವಲ್ಲ. ಇಂಥವರ ಕಾಲಿನ ಬಲವು ಬಡವರ ಮನೆಯ ದೀಪದೆಣ್ಣೆಯಂತೆ. ಹಗಲೆಲ್ಲ ಉರಿಸಿದರೆ ರಾತ್ರಿಗೆ ಉಳಿಯದು. ಹೆಬ್ಬಾಗಿಲಿನವರೆಗೆ ಬಂಡಿಯಲ್ಲಿ ಬಂದವರು ಸೋಮನಾಥಪುರದ ಜಗತಿಯ ಮೇಲೆ ನಿಧಾನವಾಗಿ ಹತ್ತು ಹೆಜ್ಜೆ ನಡೆದು ಭಿತ್ತಿಯ ಆನೆಸಾಲು, ಕುದುರೆಸಾಲು, ಪುರಾಣಕಥೆಗಳ ಸಾಲುಗಳನ್ನು ಕಣ್ತುಂಬ ನೋಡಬಲ್ಲರು. ಆ ಹತ್ತು ಹೆಜ್ಜೆಯ ಶಕ್ತಿಯನ್ನು ಹೊರಗಿನ ದಾರಿಯಲ್ಲಿಯೇ ಕಳೆದವರು ಬಾಗಿಲಲ್ಲಿ ಕುಸಿದು ಕುಳಿತುಕೊಂಡು, ಉಳಿದವರು ನೋಡಿ ಬರುವುದನ್ನು ಕಾಯಬೇಕಾಗುತ್ತದೆ. ಬಂಡಿಯನ್ನು ಬಳಸಿದವರೇ ಹೆಚ್ಚು ನಡೆದಂತಾಯಿತು.

ಎರಡನೆಯ ಆಕ್ಷೇಪವು ವಂಚನೆಯ ಭಯ. "ಇಂಥವರಿಗೆಲ್ಲ ಅನುಕೂಲ ಕೊಡುತ್ತ ಹೋದರೆ ಸೋಮಾರಿಗಳೂ ಕುಳಿತುಕೊಳ್ಳುತ್ತಾರೆ, ನಿಜವಾದ ಅಂಗವಿಕಲರಿಗೆ ಅನ್ಯಾಯವಾಗುತ್ತದೆ" ಎಂಬುದು ಅದರ ಸಾರ. ಉದ್ಯೋಗಕ್ಕಾಗಿಯೂ ವಿದ್ಯಾಲಯಗಳ ಪ್ರವೇಶಕ್ಕಾಗಿಯೂ ಸುಳ್ಳು ಪ್ರಮಾಣಪತ್ರಗಳನ್ನು ತಂದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿರುವುದು ನಿಜ. ಅಲ್ಲಿ ಸ್ಥಾನಗಳಿಗೆ ಮಿತಿಯಿದೆ. ಒಬ್ಬನಿಗೆ ದೊರೆತದ್ದು ಇನ್ನೊಬ್ಬನಿಗೆ ತಪ್ಪುತ್ತದೆ. ಆದಕಾರಣ ಪರೀಕ್ಷೆಯೂ ಪ್ರಮಾಣವೂ ನ್ಯಾಯವೇ. ಕಾಯಿದೆಯೂ ಈ ಭೇದವನ್ನು ಬಲ್ಲದು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ, 2016ನೆಯ ಇಸವಿಯ ಅಂಗವಿಕಲರ ಹಕ್ಕುಗಳ ಕಾಯಿದೆಯು ಮೀಸಲಾತಿ ಮೊದಲಾದ ಕೆಲವು ವಿಶೇಷ ಸೌಲಭ್ಯಗಳಿಗೆ ಮಾತ್ರ ಶೇಕಡ 40ರ ಗಡಿಯನ್ನು ಇಟ್ಟಿದೆ. ಅಂಗವಿಕಲರೆಂದರೆ ಯಾರೆಂದು ಹೇಳುವಲ್ಲಿ ಅದು ದೀರ್ಘಕಾಲದ ದೌರ್ಬಲ್ಯವನ್ನೂ, ಆ ದೌರ್ಬಲ್ಯವು ಹೊರಗಿನ ಅಡೆತಡೆಗಳೊಡನೆ ಸೇರಿ ಸಮಾಜದಲ್ಲಿ ಸಮಾನವಾಗಿ ಭಾಗವಹಿಸುವುದಕ್ಕೆ ಅಡ್ಡಿಯಾಗುವುದನ್ನೂ ಒಟ್ಟಿಗೆ ಎಣಿಸುತ್ತದೆ. ದಿನದ ಇಪ್ಪತ್ತನಾಲ್ಕು ಗಂಟೆಯೂ ಒಂದೇ ಸಮನಾಗಿ ಅಶಕ್ತರಾಗಿರಬೇಕೆಂದು ಅದು ಹೇಳಿಲ್ಲ. 1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದುವು; ಹೊಸದರಲ್ಲಿ 21 ಇವೆ; ಏರಿಳಿತಗಳುಳ್ಳ ಮಲ್ಟಿಪಲ್ ಸ್ಕ್ಲೀರೋಸಿಸ್, ಪಾರ್ಕಿನ್ಸನ್ ರೋಗಗಳು ಅವುಗಳಲ್ಲಿ ಹೆಸರಿಟ್ಟು ಸೇರಿವೆ.

ಕಾಯಿದೆಯ ಮಾತು ಹಾಗಿರಲಿ. ಜಲಪಾತದ ಬಾಗಿಲಿನಲ್ಲಿ ಒಂದು ಗಂಟೆಯ ಕಾಲ ಗಾಲಿಬಂಡಿಯ ಮೇಲೆ ಕುಳಿತವರು ಯಾರ ಉದ್ಯೋಗವನ್ನು ಕಿತ್ತುಕೊಂಡರು? ತಮ್ಮ ಹಣದಿಂದ ಕೊಂಡ ಬಂಡಿಯಾದರೆ ಕೇಳುವ ಅಧಿಕಾರವೇ ಯಾರಿಗೂ ಇಲ್ಲ. ಬಾಡಿಗೆಯದಾದರೆ, ಬಂಡಿಗಳು ಸಾಲದೆ ಹೋದಾಗ ಇನ್ನೆರಡನ್ನು ತರಿಸುವುದು ವಿವೇಕ. ಸೋಮಾರಿಯೊಬ್ಬನು ಕುಳಿತಾನೆಂಬ ಭಯದಿಂದ ನೂರು ಜನ ನೋಯುವವರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡುವುದು, ನೆಗಡಿ ಬಂತೆಂದು ಮೂಗನ್ನು ಕೊಯ್ದುಕೊಂಡಂತೆ. ಅಲ್ಲದೆ, ಈ ಸಂಶಯದ ಫಲವೇನಾಗುತ್ತದೆಂಬುದನ್ನೂ ಯೋಚಿಸಬೇಕು. ನಡೆಯಬಲ್ಲವರು ತಾವು ನಡೆಯುವುದನ್ನೇ ಬಚ್ಚಿಡಬೇಕಾಗುತ್ತದೆ. ಎದ್ದು ನಿಂತು ಕಾಲು ಚಾಚಿಕೊಂಡರೆ ಯಾರು ಏನೆನ್ನುವರೋ ಎಂದು ಅವರು ನೋವನ್ನು ನುಂಗಿಕೊಂಡು ಕುಳಿತೇ ಇರುತ್ತಾರೆ. ಸತ್ಯವಂತರಿಗೆ ನಟನೆಯನ್ನು ಕಲಿಸಿಕೊಡುವ ಈ ಪದ್ಧತಿಯು ಸತ್ಯವನ್ನು ಕಾಪಾಡುತ್ತದೆಂದು ಹೇಳುವುದು ವಿಚಿತ್ರವಾದ ವಾದವೇ ಸರಿ. ಇದಕ್ಕೆ ತದ್ವಿರುದ್ಧವಾದ ನಟನೆಯೂ ಉಂಟು. 1921ರಲ್ಲಿ ಕಾಲುಗಳ ಬಲವನ್ನು ಕಳೆದುಕೊಂಡ ರೂಸ್‌ವೆಲ್ಟನು ಅಮೆರಿಕದ ಅಧ್ಯಕ್ಷನಾದ ಮೇಲೂ ಜನರೆದುರಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿದುಕೊಂಡು ಎದ್ದು ನಿಲ್ಲುತ್ತಿದ್ದನು. ಒಳಗೆ ಓಡಾಡುತ್ತಿದ್ದುದು ಗಾಲಿಕುರ್ಚಿಯಲ್ಲಿ. ದೊಡ್ಡ ದೇಶವೊಂದರ ಅಧಿಪತಿಗೇ ತಪ್ಪದ ಈ ಮುಚ್ಚುಮರೆಯು ಊರಿನ ಸಾಮಾನ್ಯ ಗೃಹಿಣಿಯನ್ನು ಎಷ್ಟು ಬಾಧಿಸೀತು!

ಮೂರನೆಯದು ಪಾವಿತ್ರ್ಯದ ಆಕ್ಷೇಪ. "ಕ್ಷೇತ್ರದರ್ಶನವೆಂದರೆ ಕಾಲು ಸವೆಸಿ ಹೋಗಬೇಕು, ಗಾಲಿಯ ಮೇಲೆ ಹೋದರೆ ಪುಣ್ಯವೆಲ್ಲಿ?" ಎನ್ನುವವರುಂಟು. ಇವರು ಈ ನಾಡಿನ ಆಚಾರವನ್ನೇ ಮರೆತಿದ್ದಾರೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಹೊರಡುತ್ತದೆ; ಸ್ವಾಮಿಯೇ ತೇರನ್ನೇರಿ ಗಾಲಿಗಳ ಮೇಲೆ ಬೀದಿಯಲ್ಲಿ ಬಿಜಯಂಗೈಯುತ್ತಾನೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತೊಯ್ಯುವ ಪದ್ಧತಿ ಉಂಟು. ಡೋಲಿಯಲ್ಲಿ ಬಂದವರು ಮೇಲೆ ಇಳಿದು ಗೊಮ್ಮಟನ ಪಾದದವರೆಗೆ ನಡೆದುಹೋದರೆ ಅವರನ್ನು ಮೋಸಗಾರರೆಂದು ಯಾರೂ ಕರೆದುದಿಲ್ಲ. ಇನ್ನೊಬ್ಬ ಮನುಷ್ಯನ ಹೆಗಲ ಮೇಲೆ ಕುಳಿತರೆ ಆಕ್ಷೇಪವಿಲ್ಲ, ಯಾರ ಹೆಗಲನ್ನೂ ನೋಯಿಸದ ಯಂತ್ರದ ಮೇಲೆ ಕುಳಿತರೆ ಆಕ್ಷೇಪವೆಂಬುದು ಯಾವ ಶಾಸ್ತ್ರ? ಈ ಮಾತು ಬೆಳಕವಾಡಿಯ ಸೀಮೆಯಲ್ಲಿ ಕೇಳಿಬಂದರಂತೂ ಇನ್ನೂ ನಾಚಿಕೆಗೇಡು. ಮನುಷ್ಯನ ಶ್ರಮವನ್ನು ಹಗುರಮಾಡುವುದಕ್ಕಾಗಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದ್ದು ಶಿವನಸಮುದ್ರದಿಂದಲೇ. ಗಣಿಯ ಯಂತ್ರಗಳಿಗೆ ಸಂದ ಶಕ್ತಿಯು ಅಜ್ಜಿಯ ಬಂಡಿಗೆ ಸಲ್ಲಬಾರದೆಂದು ಹೇಳುವವರಿಗೆ ಏನು ಹೇಳೋಣ!

ನಾಲ್ಕನೆಯವರು ಖರ್ಚಿನ ಲೆಕ್ಕವನ್ನು ತೆಗೆಯುತ್ತಾರೆ. "ಊರಿನಲ್ಲಿ ಔಷಧಕ್ಕೆ ಗತಿಯಿಲ್ಲದವರಿದ್ದಾರೆ, ವಿಹಾರಕ್ಕೆ ಬಂಡಿಯೇ? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕು" ಎಂಬುದು ಇವರ ವಾದ. ಔಷಧವೂ ಬೇಕು, ನಿಜ. ಆದರೆ ಆರೋಗ್ಯವಂತರು ರಜೆಯಲ್ಲಿ ಊರೂರು ಸುತ್ತುವುದಕ್ಕಾಗಿ ರಸ್ತೆ, ವಾಹನನಿಲ್ದಾಣ, ವೀಕ್ಷಣಗೋಪುರ, ಉಪಾಹಾರಗೃಹಗಳನ್ನು ಕಟ್ಟುವಾಗ ಈ ಗಾದೆ ಯಾರ ಬಾಯಲ್ಲಿಯೂ ಬರುವುದಿಲ್ಲ. ಕೊನೆಗೆ ಒಂದು ಇಳಿಜಾರನ್ನು ಕಟ್ಟಬೇಕಾದಾಗ ಮಾತ್ರ ಬರುತ್ತದೆ. ವಿಶ್ವಸಂಸ್ಥೆಯಲ್ಲಿ 2006ರಲ್ಲಿ ಅಂಗೀಕೃತವಾಗಿ, 2007ರಲ್ಲಿ ಭಾರತವು ಒಪ್ಪಿ ಸಹಿಮುದ್ರೆಯೊತ್ತಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ವಿಧಿಯು ಸಾಂಸ್ಕೃತಿಕ ಜೀವನ, ವಿರಾಮ, ವಿನೋದಗಳನ್ನು ಹಕ್ಕುಗಳೆಂದೇ ಎಣಿಸಿದೆ. ಇದ್ದ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಪ್ರವೇಶಿಸುವಂತೆ ಮಾರ್ಪಡಿಸುವುದಕ್ಕೆ 2016ರ ಕಾಯಿದೆಯು ಕೊಟ್ಟಿದ್ದ 5 ವರ್ಷಗಳ ಗಡುವು 2022ರಲ್ಲಿಯೇ ಕಳೆದುಹೋಯಿತು. ಪ್ರವೇಶದ ಮಾನದಂಡಗಳನ್ನು ಬರಿಯ ಸಲಹೆಗಳೆಂಬಂತೆ ಬಿಟ್ಟಿರುವುದು ಸಲ್ಲದೆಂದೂ, ಕಡ್ಡಾಯವಾದ ನಿಯಮಗಳನ್ನು 3 ತಿಂಗಳೊಳಗೆ ರೂಪಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಇಂತಿರಲು ಇದು ದಾನಧರ್ಮದ ಪ್ರಶ್ನೆಯಾಗಿ ಉಳಿದಿಲ್ಲ.

ಖರ್ಚಾದರೂ ಎಷ್ಟು? ಒಂದು ಅಡಿ ಎತ್ತರದ ಮೆಟ್ಟಿಲಿಗೆ 12 ಅಡಿ ಉದ್ದದ ಇಳಿಜಾರು ಬೇಕೆಂಬುದು ಒಪ್ಪಿತವಾದ ಲೆಕ್ಕ. ಊರಿನ ಗಾರೆಕೆಲಸದವನು ಅದನ್ನು ಕಟ್ಟಬಲ್ಲನು. ಪುರಾತನ ಶಿಲ್ಪಕ್ಕೆ ಊನವಾಗದಂತೆ ಬೇಕಾದಾಗ ಇಟ್ಟು ಬೇಡವಾದಾಗ ತೆಗೆಯುವ ಮರದ ಹಲಗೆಗಳನ್ನು ಬಳಸಬಹುದು. ಭರಚುಕ್ಕಿಯ ಬುಡಕ್ಕೆ ಇಳಿಯುವ ಮೆಟ್ಟಿಲುಗಳನ್ನು ಬಂಡಿ ಇಳಿಯಲಾರದು, ನಿಜ. ಮೇಲಿನಿಂದಲಾದರೂ ಜಲರಾಶಿಯನ್ನು ಕುಳಿತವರ ಕಣ್ಣಿಗೆ ಕಾಣುವಂತೆ ಕಟಕಟೆಯನ್ನು ಕಟ್ಟುವುದಕ್ಕೆ ಏನಡ್ಡಿ? ತಲಕಾಡಿನ ಮರಳಿನಲ್ಲಿ ಚಿಕ್ಕ ಗಾಲಿಗಳು ಹೂತುಹೋಗುತ್ತವೆ. 2020ರ ಡಿಸೆಂಬರಿನಲ್ಲಿ ನಡೆದಂಥ ಪಂಚಲಿಂಗದರ್ಶನದ ಮಹಾಸಂದರ್ಭಗಳಲ್ಲಿ ಗುಡಿಯಿಂದ ಗುಡಿಗೆ ಗಟ್ಟಿಯಾದ ಹಾಸುಹಾದಿಯಿದ್ದರೆ ಬಂಡಿಯವರಿಗಷ್ಟೇ ಅಲ್ಲ, ಕೈಗೂಸಿನ ತಾಯಂದಿರಿಗೂ ಕೋಲೂರಿದ ಮುದುಕರಿಗೂ ಉಪಕಾರವಾಗುತ್ತದೆ. ಮೈಸೂರಿನ ಮೃಗಾಲಯದಲ್ಲಿ, ಹಂಪಿಯ ವಿಜಯವಿಠ್ಠಲ ದೇವಾಲಯದ ದಾರಿಯಲ್ಲಿ ವಿದ್ಯುತ್ತಿನ ಬಂಡಿಗಳು ಓಡುತ್ತಿವೆ, ಅವುಗಳನ್ನೇರುವವರನ್ನು "ನಿಮಗೆ ಕಾಲಿಲ್ಲವೇ?" ಎಂದು ಯಾರೂ ಕೇಳುವುದಿಲ್ಲ. ಹತ್ತು ಜನ ಒಟ್ಟಿಗೆ ಕುಳಿತರೆ ಸೌಕರ್ಯವೆನಿಸಿಕೊಂಡದ್ದು ಒಬ್ಬರೇ ಕುಳಿತೊಡನೆ ಕಪಟವಾಗಲು ಕಾರಣವೇನು?

ಆದುದರಿಂದ ಅಧಿಕಾರದಲ್ಲಿರುವವರು ಮಾಡತಕ್ಕ ಕೆಲಸ ಸ್ಪಷ್ಟವಾಗಿದೆ. ಈ ಸ್ಥಳಗಳ ಬಾಗಿಲಿನಲ್ಲಿ ಕೆಲವು ಗಾಲಿಬಂಡಿಗಳನ್ನು ಬಾಡಿಗೆಗೆ ಇಡಿಸಬೇಕು. ಠೇವಣಿಯನ್ನು ತೆಗೆದುಕೊಳ್ಳಲಿ, ವೈದ್ಯರ ಪತ್ರವನ್ನು ಕೇಳದಿರಲಿ. ದಾರಿಯಲ್ಲಿ ಅಲ್ಲಲ್ಲಿ ನೆರಳೂ ಕೂರುವ ಕಟ್ಟೆಯೂ ಇರಲಿ. ಬಂಡಿಯಿಂದ ಎದ್ದವರನ್ನು ಪ್ರಶ್ನಿಸಕೂಡದೆಂದು ಕಾವಲಿನವರಿಗೆ ತಿಳಿಯಹೇಳಬೇಕು.

ವಿದ್ಯಾವಂತ ಕುಟುಂಬಗಳ ಪಾಲಿನ ಕೆಲಸವು ಇದಕ್ಕಿಂತ ಕಠಿನ. ಏಕೆಂದರೆ ಅದಕ್ಕೆ ಹಣ ಬೇಕಿಲ್ಲ, ಮನಸ್ಸು ಬದಲಾಗಬೇಕು. ಸಾಹಿತ್ಯಸಭೆಗಳನ್ನು ಮಹಡಿಯ ಮೇಲಿನ ಹಜಾರದಲ್ಲಿ ನಡೆಸಿ, "ಹಿರಿಯರು ಈಚೆಗೆ ಬರುತ್ತಿಲ್ಲ" ಎಂದು ವಿಷಾದಿಸುವ ಸಂಘಗಳು ಮೊದಲು ಮೆಟ್ಟಿಲಿನ ಕಡೆ ನೋಡಬೇಕು. ಮನೆಯವರು, "ನಾಲ್ಕು ಜನ ನೋಡಿದರೆ ಏನೆಂದಾರು" ಎಂಬ ಅಳುಕನ್ನು ತಾವು ಮೊದಲು ಬಿಟ್ಟು, ಆಮೇಲೆ ಹಿರಿಯರಿಗೆ ಧೈರ್ಯ ಹೇಳಬೇಕು. "ನಾವು ಎತ್ತಿಕೊಂಡು ಹೋಗುತ್ತೇವೆ" ಎಂಬ ಪ್ರೀತಿಯ ಮಾತು ಕೇಳುವುದಕ್ಕೆ ಇಂಪಾದರೂ, ಎತ್ತಿಸಿಕೊಳ್ಳುವವರಿಗೆ ಬೇಕಾದ ಕಡೆ ತಿರುಗುವ, ಬೇಕಾದಷ್ಟು ಹೊತ್ತು ನಿಲ್ಲುವ ಸ್ವಾತಂತ್ರ್ಯ ಅದರಲ್ಲಿಲ್ಲ. ಬಂಡಿಯ ಹಿಡಿಯು ತಮ್ಮ ಕೈಯಲ್ಲಿದ್ದರೆ ಅವರು ಮಕ್ಕಳಿಗಿಂತ ಮುಂದಾಗಿಯೂ ಹೋಗಬಹುದು, ಹಿಂದೆ ಉಳಿದು ಒಂದು ಶಿಲ್ಪವನ್ನು ಅರ್ಧ ಗಂಟೆ ನೋಡಲೂಬಹುದು. ಮೊಮ್ಮಕ್ಕಳಿಗೆ ಹೊಯ್ಸಳರ ಕಥೆಯನ್ನು ಸೋಮನಾಥಪುರದ ಭಿತ್ತಿಯ ಎದುರಿನಲ್ಲಿಯೇ ಹೇಳಬಲ್ಲವರು ಪಡಸಾಲೆಯಲ್ಲಿ ಏಕೆ ಕುಳಿತಿರಬೇಕು? ಮುಂದಿನ ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ಇಂಥ ಮನೆಗಳವರು ಒಂದು ಬಂಡಿಯನ್ನು ಬಾಡಿಗೆಗಾದರೂ ತರಿಸಿ, ಅಜ್ಜಿಯನ್ನೂ ಕರೆದುಕೊಂಡು ಹೊರಡಲಿ. ಮನೆ ಕಾಯುವುದಕ್ಕೆ ಒಂದು ಬೀಗ ಸಾಕು.